ಚಿತ್ರವನ್ನು ಬಿಟ್ಟು ಬಂದ ದನಿ

ನಿಮ್ಮ ಮನೆಯ ಬೀರುವಿನ ಕೆಳಗಣ ಅರೆಯಲ್ಲಿ ಹಳೆಯ ಮದುವೆಯೊಂದರ ವಿಡಿಯೋ ಕ್ಯಾಸೆಟ್ಟು ಇದ್ದೀತು. ಯಾರೋ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಿರಲೂಬಹುದು. ಹಾಕಿ ನೋಡಿದರೆ ಚಿತ್ರ ಮಸುಕು. ದೊಡ್ಡ ದೀಪದ ಬೆಳಕಿಗೆ ಮುಖಗಳೆಲ್ಲ ಸುಣ್ಣ ಬಳಿದಂತೆ ಕಾಣುತ್ತವೆ. ಆದರೆ ಓಲಗ ನಿಂತ ಒಂದು ಬಿಡುವಿನಲ್ಲಿ, ಈಗ ಇಲ್ಲವಾಗಿರುವ ಹಿರಿಯರೊಬ್ಬರು ಹಸೆಗೆ ಕರೆಯುವ ಹಾಡನ್ನು ಹೇಳುವುದು ಕೇಳಿಸುತ್ತದೆ. ಚಿತ್ರ ಹೋದರೆ ಹೋಗಲಿ, ಆ ಹಾಡೊಂದು ಉಳಿಯಲಿ ಎಂದು ನಿಮಗೆ ಅನ್ನಿಸುತ್ತದೆ. ದನಿಯನ್ನು ಚಿತ್ರದಿಂದ ಬೇರ್ಪಡಿಸುವುದು ಹೇಗೆ? ಬೇರ್ಪಡಿಸಿದ ಮೇಲೆ ಅದನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು? ಮೊದಲನೆಯದು ಸುಲಭದ ಪ್ರಶ್ನೆ. ಎರಡನೆಯದರ ಹಿಂದೆ ಪತ್ರವ್ಯವಹಾರ, ನ್ಯಾಯಾಲಯ, ಹಟ, ಔದಾರ್ಯ ಎಲ್ಲವೂ ಸೇರಿಕೊಂಡಿರುವ ಚರಿತ್ರೆಯೊಂದಿದೆ. ಅದನ್ನಿಷ್ಟು ನೋಡೋಣ.

ರೇಡಿಯೋ ಕೇಳುವವರಾದ ನಿಮಗೆ ಈ ಕೆಲಸ ಹೊಸದೇನಲ್ಲ. ಚಲನಚಿತ್ರವೊಂದರ ಮಾತು ಮತ್ತು ಹಾಡುಗಳನ್ನಷ್ಟೇ ಆಯ್ದು, ಒಂದು ಗಂಟೆಯ ಅಳತೆಗೆ ಅಡಕಮಾಡಿ ಬಾನುಲಿಯಲ್ಲಿ ಬಿತ್ತರಿಸುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಇಡೀ ಸಿನಿಮಾವನ್ನು ಕಿವಿಯಿಂದಲೇ ನೋಡಿದವರು ಎಷ್ಟು ಜನವಿಲ್ಲ! ಅದು ಚಿತ್ರದಿಂದ ದನಿಯನ್ನು ಬಿಡಿಸಿ ತೆಗೆದ ಕೆಲಸವೇ. ಇಂದು ಅದನ್ನು ಮನೆಯ ಕಂಪ್ಯೂಟರು ಅರೆನಿಮಿಷದಲ್ಲಿ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೂಲದಲ್ಲಿ ಚಿತ್ರ ಮತ್ತು ದನಿ ಎರಡೂ ಬೇರೆಬೇರೆಯಾಗಿಯೇ ಹುಟ್ಟಿದವು. 1927ರಲ್ಲಿ ತೆರೆಕಂಡು ವಾಕ್ಚಿತ್ರಗಳ ಯುಗವನ್ನು ತೆರೆದ ಅಮೆರಿಕದ 'ದಿ ಜಾಝ್ ಸಿಂಗರ್' ಚಿತ್ರದ ಧ್ವನಿ ಫಿಲ್ಮಿನ ಮೇಲೆ ಇರಲೇ ಇಲ್ಲ. ಅದು 16 ಅಂಗುಲದ ದೊಡ್ಡ ಗ್ರಾಮಫೋನ್ ತಟ್ಟೆಗಳಲ್ಲಿತ್ತು. ಆ ವಿಧಾನಕ್ಕೆ ವೈಟಾಫೋನ್ ಎಂದು ಹೆಸರು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿತ್ತು. ಮುಳ್ಳು ನಡುವಿನಿಂದ ಹೊರಟು ಅಂಚಿಗೆ ಬರುತ್ತಿತ್ತು. ಚಿತ್ರದ ಒಂದು ಸುರುಳಿಗೆ ಒಂದು ತಟ್ಟೆ. ಫಿಲ್ಮು ಹರಿದು ನಾಲ್ಕು ಚೌಕಟ್ಟುಗಳನ್ನು ಕತ್ತರಿಸಿ ಅಂಟಿಸಿದರೆ ಸಾಕು, ಅಲ್ಲಿಂದ ಮುಂದೆ ಮಾತಿಗೂ ತುಟಿಗೂ ಹೊಂದಿಕೆ ತಪ್ಪುತ್ತಿತ್ತು.

ಈ ತಾಪತ್ರಯಕ್ಕೆ ಇನ್ನೊಂದು ಪರಿಹಾರ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಟ್ರೈ-ಎರ್ಗಾನ್ ಎಂಬ ಹೆಸರಿನಲ್ಲಿ ದುಡಿಯುತ್ತಿದ್ದ ಮೂವರು ಜರ್ಮನರು 1922ರಲ್ಲಿ ಬರ್ಲಿನ್ನಿನಲ್ಲಿ ಧ್ವನಿಯನ್ನು ಫಿಲ್ಮಿನ ಮೇಲೆಯೇ ಬೆಳಕಿನ ಗೆರೆಯಾಗಿ ಅಚ್ಚುಮಾಡಿ ತೋರಿಸಿದ್ದರು. ಕೆಲವೇ ವರ್ಷಗಳಲ್ಲಿ ತಟ್ಟೆ ಮೂಲೆ ಸೇರಿ ಈ ಕ್ರಮವೇ ಎಲ್ಲೆಡೆ ನಿಂತಿತು. ಚಿತ್ರದ ಪಕ್ಕದಲ್ಲಿ ಹಾವಿನಂತೆ ಹರಿಯುವ ಸಣ್ಣ ಗೆರೆಯೊಂದಿರುತ್ತದೆ; ಅದರ ಮೂಲಕ ಬೆಳಕನ್ನು ಹಾಯಿಸಿದರೆ ಬೆಳಕಿನ ಏರಿಳಿತ ವಿದ್ಯುತ್ತಾಗಿ, ವಿದ್ಯುತ್ತು ದನಿಯಾಗುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ಚಿತ್ರ ತೋರಿಸುವ ಕಿಂಡಿಯಲ್ಲಿ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು; ದನಿ ಓದುವ ಕಡೆ ಎಲ್ಲಿಯೂ ನಿಲ್ಲದೆ ನುಣ್ಣಗೆ ಓಡಬೇಕು. ಎರಡನ್ನೂ ಒಂದೇ ಜಾಗದಲ್ಲಿ ಮಾಡಲಾಗದು. ಆದ್ದರಿಂದ ದನಿಯನ್ನು ತನ್ನ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದೆ ಅಚ್ಚುಮಾಡುತ್ತಿದ್ದರು. ಒಂದೇ ಪಟ್ಟಿಯ ಮೇಲೆ ಬಾಳ್ವೆ ನಡೆಸಿದರೂ ದನಿಗೂ ಚಿತ್ರಕ್ಕೂ ಇದ್ದ ಸಂಸಾರ ಬೇರೆಬೇರೆಯೇ.

ಹೀಗೆ ಒಟ್ಟಿಗೆ ಕಟ್ಟಿದ್ದರಿಂದ ಆದ ನಷ್ಟವನ್ನೂ ಹೇಳಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ದೊರೆಯುವುದಿಲ್ಲ. ಸುರುಳಿಯೊಡನೆ ಅದರ ಅಂಚಿನಲ್ಲಿದ್ದ ದನಿಯ ಗೆರೆಯೂ ಹೋಯಿತು. ಕನ್ನಡ ಬೆಳ್ಳಿತೆರೆ ಆಡಿದ ಮೊದಲ ಮಾತು ಹೇಗೆ ಕೇಳಿಸಿತೆಂದು ತಿಳಿಯುವ ದಾರಿ ನಮಗಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. ಇಂದಿನ ವಿಡಿಯೋ ಫೈಲು ಎಂಬುದು ಒಂದು ಪೆಟ್ಟಿಗೆ. ಅದರೊಳಗೆ ಚಿತ್ರದ್ದೊಂದು ಹೊಳೆ, ದನಿಯದೊಂದು ಹೊಳೆ. ಎರಡನ್ನೂ ಸಣ್ಣಸಣ್ಣ ಪೊಟ್ಟಣಗಳಾಗಿ ಕಟ್ಟಿ, ಯಾವ ಕ್ಷಣಕ್ಕೆ ಯಾವುದು ಎಂದು ಚೀಟಿ ಹಚ್ಚಿ, ಚಿತ್ರದ್ದೊಂದು ದನಿಯದೊಂದು ಎಂದು ಹೆಣೆದಿಟ್ಟಿರುತ್ತಾರೆ. ಎಂಪಿ4, ಎವಿಐ, ವೆಬ್‌ಎಂ ಎಂದು ಫೈಲಿನ ಬಾಲಕ್ಕೆ ಅಂಟಿರುವ ಹೆಸರುಗಳೆಲ್ಲ ಪೆಟ್ಟಿಗೆಯ ಹೆಸರುಗಳು, ಒಳಗಿನ ಸಾಮಾನಿನ ಹೆಸರಲ್ಲ. 2002ರಲ್ಲಿ ಆರಂಭವಾದ ಇಂಥ ಪೆಟ್ಟಿಗೆಯೊಂದಕ್ಕೆ, ಒಂದರೊಳಗೊಂದು ಅಡಗುವ ರಷ್ಯದ ಮರದ ಬೊಂಬೆಗಳನ್ನು ನೆನೆದು, ಮಟ್ರೋಸ್ಕ ಎಂದು ಹೆಸರಿಟ್ಟರು. ದನಿಯನ್ನು ಬೇರ್ಪಡಿಸುವುದೆಂದರೆ ಪೆಟ್ಟಿಗೆಯ ಮುಚ್ಚಳ ತೆಗೆದು ದನಿಯ ಪೊಟ್ಟಣಗಳನ್ನು ಮಾತ್ರ ಆರಿಸಿ ಇನ್ನೊಂದು ಪೆಟ್ಟಿಗೆಗೆ ಹಾಕುವುದು. ಅಷ್ಟೇ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬವರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಈ ಕೆಲಸದಲ್ಲಿ ಎತ್ತಿದ ಕೈ. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು.

ಹಾಗಾದರೆ ತೊಡಕು ಎಲ್ಲಿ ಬಂತು? ಪೊಟ್ಟಣದೊಳಗೆ ದನಿಯನ್ನು ಮಡಿಚಿಟ್ಟಿರುವ ಬಗೆಯಲ್ಲಿ.

ಅಡಕ ತಟ್ಟೆಯಲ್ಲಿ, ಎಂದರೆ ನೀವೆಲ್ಲ ಬಲ್ಲ ಸಿ.ಡಿ.ಯಲ್ಲಿ, ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿರುತ್ತಾರೆ. ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟ್ ಜಾಗ ಬೇಕು. ಮೂವತ್ತು ವರ್ಷಗಳ ಹಿಂದೆ ಟೆಲಿಫೋನ್ ತಂತಿಯಲ್ಲಿ ಅದನ್ನು ಕಳುಹಿಸುವುದು ಊಹೆಗೂ ನಿಲುಕದ ಮಾತು. ಆಗ ಜರ್ಮನಿಯ ಎರ್ಲಾಂಗೆನ್ ಊರಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಮನುಷ್ಯನ ಕಿವಿಯ ಒಂದು ದೌರ್ಬಲ್ಯವನ್ನು ಬಳಸಿಕೊಂಡರು. ಮಹಾಮಂಗಳಾರತಿಯಲ್ಲಿ ಜಾಗಟೆ ಬಾರಿಸುತ್ತಿರುವಾಗ ಪಕ್ಕದವರು ಪಿಸುಗುಟ್ಟಿದ್ದು ನಿಮಗೆ ಕೇಳಿಸುತ್ತದೆಯೇ? ಇಲ್ಲ. ದೊಡ್ಡ ಸದ್ದು ತನ್ನ ನೆರೆಯ ಸಣ್ಣ ಸದ್ದನ್ನು ನುಂಗುತ್ತದೆ. ಕೇಳಿಸದೆ ಇರುವುದನ್ನು ಬರೆದಿಡುವುದು ಏತಕ್ಕೆ? ಅದನ್ನು ಬಿಟ್ಟರೆ ಹನ್ನೊಂದರಲ್ಲಿ ಒಂದು ಪಾಲು ಜಾಗದಲ್ಲಿ ಹಾಡು ಅಡಗುತ್ತದೆ. ಸುಝಾನ್ ವೇಗಾ ಎಂಬ ಗಾಯಕಿಯ ಪಕ್ಕವಾದ್ಯವಿಲ್ಲದ ಹಾಡೊಂದನ್ನು ಮತ್ತೆಮತ್ತೆ ಕೇಳಿ ಬ್ರಾಂಡೆನ್‌ಬುರ್ಗ್ ಈ ಕ್ರಮವನ್ನು ತಿದ್ದಿದರು. ಒಂಟಿ ಮನುಷ್ಯಕಂಠದಲ್ಲಿ ತಪ್ಪು ಬೇಗ ಗೊತ್ತಾಗುತ್ತದಲ್ಲವೇ! ಇದೇ ಎಂಪಿ3. ಆ ಹೆಸರು 1995ರಲ್ಲಿ ಬಂದದ್ದು.

(ಕಿವಿಯ ವಿಜ್ಞಾನದಲ್ಲಿ ಅರ್ಧ ಭಾಗ ಮನಸ್ಸಿನ ವಿಜ್ಞಾನ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಇಲ್ಲಿ ನನಗೆ ನೆನಪಾಗುತ್ತದೆ.)

ಎಂಪಿ3 ಜಗತ್ತನ್ನೇ ಗೆದ್ದಿತು. ವಿದ್ಯಾರ್ಥಿಗಳು, ಹವ್ಯಾಸಿಗಳು ಅದರಲ್ಲಿ ದನಿಯನ್ನು ಮಡಿಚಿಡುವ ತಂತ್ರಾಂಶಗಳನ್ನು ಬರೆದು ಉಚಿತವಾಗಿ ಹಂಚಿದರು. ಆದರೆ ಆ ಕ್ರಮದ ಮೇಲೆ ಪೇಟೆಂಟುಗಳಿದ್ದವು. 1998ರ ಸೆಪ್ಟೆಂಬರಿನಲ್ಲಿ ಫ್ರೌನ್‌ಹೋಫರ್ ಸಂಸ್ಥೆ ಇಂಥ ಉಚಿತ ತಂತ್ರಾಂಶದ ಕರ್ತೃಗಳಿಗೆ ಪತ್ರ ಬರೆದು, ಇದಕ್ಕೆ ಪರವಾನಗಿ ಬೇಕು, ಶುಲ್ಕ ಸಲ್ಲಬೇಕು ಎಂದು ತಿಳಿಸಿತು. ಮುಂದೆ ಪ್ರಕಟವಾದ ದರಪಟ್ಟಿಯಲ್ಲಿ ಎಂಪಿ3 ನುಡಿಸುವ ಪ್ರತಿಯೊಂದು ಉಪಕರಣಕ್ಕೆ 75 ಅಮೆರಿಕನ್ ಸೆಂಟು ಎಂದಿತ್ತು. ಸಂಸ್ಥೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ವರ್ಷಗಟ್ಟಲೆ ದುಡಿದವರು ಕೂಲಿ ಕೇಳಿದರೆ ಅದು ಅನ್ಯಾಯವೆನ್ನಲಾಗದು. ಆದರೆ ಊರಿಗೆಲ್ಲ ಒಂದೇ ಬಾವಿಯಾಗಿ, ಜನ ಅದಕ್ಕೆ ಒಗ್ಗಿಕೊಂಡ ಮೇಲೆ, ಹಗ್ಗಕ್ಕೆ ಬಾಡಿಗೆ ಕೇಳಿದಂತಾಯಿತು. ಹಂಚುವವನಿಗೆ ಚಿಕ್ಕಾಸು ಆದಾಯವಿಲ್ಲದಿರುವಾಗ ಅವನು ಪ್ರತಿಗೊಂದು ಶುಲ್ಕವನ್ನು ಎಲ್ಲಿಂದ ತಂದಾನು?

ಈ ಪತ್ರಗಳ ಸುದ್ದಿ ಕೇಳಿ ಕೆಲಸಕ್ಕೆ ಗಟ್ಟಿಯಾಗಿ ಕುಳಿತವನು ಕ್ರಿಸ್ಟೋಫರ್ ಮಾಂಟ್ಗೊಮೆರಿ ಎಂಬ ಅಮೆರಿಕದ ತರುಣ. ಗೆಳೆಯರ ಬಾಯಲ್ಲಿ ಮಾಂಟಿ. ದನಿಯನ್ನು ಅಡಕಮಾಡುವ ಆಟವನ್ನು ಅವನು ಕೆಲವು ವರ್ಷಗಳಿಂದಲೇ ಆಡುತ್ತಿದ್ದ. ಈಗ ಅದು ಆಟವಾಗಿ ಉಳಿಯಲಿಲ್ಲ. ಪೇಟೆಂಟಿನ ಹಂಗಿಲ್ಲದ, ಯಾರೂ ಯಾರಿಗೂ ಏನನ್ನೂ ಕೊಡಬೇಕಿಲ್ಲದ ಒಂದು ಧ್ವನಿರೂಪವನ್ನು ಬುಡದಿಂದ ಕಟ್ಟಬೇಕೆಂದು ಅವನೂ ಸಂಗಡಿಗರೂ ಹೊರಟರು. ಅದರ ಹೆಸರು ವೋರ್ಬಿಸ್; ಅದನ್ನು ಇಡುವ ಪೆಟ್ಟಿಗೆಯ ಹೆಸರು ಆಗ್. ಹೆಸರುಗಳ ಮೂಲ ಕೇಳಿದರೆ ನಗು ಬರುತ್ತದೆ. ವೋರ್ಬಿಸ್ ಎಂಬುದು ಟೆರಿ ಪ್ರಾಚೆಟ್ ಎಂಬ ಇಂಗ್ಲಿಷ್ ಲೇಖಕನ ವಿನೋದ ಕಾದಂಬರಿಯೊಂದರಲ್ಲಿ ಬರುವ ಕ್ರೂರ ಧರ್ಮಾಧಿಕಾರಿಯ ಹೆಸರು. ಆಗ್ ಎಂಬುದು ನೆಟ್‌ಟ್ರೆಕ್ ಎಂಬ ಕಂಪ್ಯೂಟರ್ ಆಟದ ಪರಿಭಾಷೆ. ಇವೆಲ್ಲವನ್ನೂ ನೋಡಿಕೊಳ್ಳುವ ಲಾಭರಹಿತ ಸಂಸ್ಥೆಯಾದ ಝಿಫ್‌ಗೆ ಹೆಸರು ಬಂದದ್ದು ಕತ್ತಿಬಾಲದ ಸಣ್ಣ ಮೀನೊಂದರಿಂದ. ದೊಡ್ಡ ದೊಡ್ಡ ಕಂಪನಿಗಳನ್ನು ಎದುರಿಸಿ ನಿಲ್ಲಲು ಹೊರಟವರು ಹೆಸರಿನ ವಿಷಯದಲ್ಲಾದರೂ ಗಂಭೀರವಾಗಿರಬಾರದಿತ್ತೇ ಎಂದು ನನಗೆ ಅನ್ನಿಸಿದ್ದುಂಟು.

ಕೆಲಸ ಮಾತ್ರ ಗಂಭೀರವಾದದ್ದೇ. ಒಂದು ಉದಾಹರಣೆ ಕೊಡುತ್ತೇನೆ. ದನಿಯನ್ನು ಚಿಕ್ಕ ಸಂಕೇತಗಳಲ್ಲಿ ಬರೆದರೆ, ಯಾವ ಸಂಕೇತಕ್ಕೆ ಯಾವ ಅರ್ಥ ಎಂಬ ಕೋಷ್ಟಕ ಬೇಕು. ಎಂಪಿ3ಯಲ್ಲಿ ಆ ಕೋಷ್ಟಕ ಒಮ್ಮೆಗೇ ಗೊತ್ತುಮಾಡಿದ್ದು. ವೋರ್ಬಿಸ್‌ನಲ್ಲಿ ಪ್ರತಿಯೊಂದು ಫೈಲೂ ತನ್ನ ಕೋಷ್ಟಕವನ್ನು ತನ್ನ ತಲೆಯ ಮೇಲೆಯೇ ಹೊತ್ತು ಬರುತ್ತದೆ. ಗೂಢಲಿಪಿಯ ಕಾಗದದ ಜೊತೆಗೆ ಬೀಗದಕೈಯನ್ನೂ ಕಳುಹಿಸಿದಂತೆ. ಇದರಿಂದ ಮುಂದೆ ಸುಧಾರಣೆಗೆ ಅವಕಾಶವಾಯಿತು. ಆದರೆ ಅಂದಿನ ಪುಟ್ಟ ಉಪಕರಣಗಳ ಸಣ್ಣ ಸ್ಮೃತಿಗೆ ಈ ಹೊರೆ ಹೆಚ್ಚಾಯಿತು. ಆಗ್ ಪೆಟ್ಟಿಗೆಯದು ಇನ್ನೊಂದು ಗುಣ. ಅದು ದನಿಯನ್ನು ಪುಟಗಳಾಗಿ ಕಟ್ಟುತ್ತದೆ. ಪ್ರತಿ ಪುಟದ ಆರಂಭದಲ್ಲಿಯೂ ಅದೇ ನಾಲ್ಕು ಅಕ್ಷರದ ಗುರುತು, ಜೊತೆಗೆ ಪುಟ ಕೆಟ್ಟಿದೆಯೇ ಇಲ್ಲವೇ ಎಂದು ತಾಳೆನೋಡುವ ಒಂದು ಅಂಕಿ. ನಡುವೆ ಎಲ್ಲಾದರೂ ಫೈಲು ಹಾಳಾದರೆ ಮುಂದಿನ ಗುರುತನ್ನು ಹುಡುಕಿಕೊಂಡು ಹಾಡು ಮುಂದುವರಿಯುತ್ತದೆ. ಗೀರುಬಿದ್ದ ತಟ್ಟೆಯಲ್ಲಿ ಮುಳ್ಳು ಹಾರಿ ಮುಂದಿನ ಗೆರೆ ಹಿಡಿದಂತೆ ಎನ್ನಿ.

2002ರ ಜುಲೈ ತಿಂಗಳಲ್ಲಿ ವೋರ್ಬಿಸ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದರ ವಿವರಣೆಯನ್ನು ಸಾರ್ವಜನಿಕರ ಸ್ವತ್ತೆಂದು ಸಾರಿದರು. ತಂತ್ರಾಂಶವನ್ನು ವ್ಯಾಪಾರಿಗಳೂ ತಮ್ಮ ಸರಕಿನೊಳಗೆ ಸೇರಿಸಿಕೊಳ್ಳಬಹುದಾದಷ್ಟು ಸಡಿಲವಾದ ಷರತ್ತಿಗೆ ಬಿಟ್ಟರು. ಇಂಥ ಸಡಿಲಿಕೆಯನ್ನು ಸಾಮಾನ್ಯವಾಗಿ ಒಪ್ಪದ ರಿಚರ್ಡ್ ಸ್ಟಾಲ್‌ಮನ್, ಮುಕ್ತ ತಂತ್ರಾಂಶ ಚಳವಳಿಯ ಹಿರಿಯರು, ಈ ಒಂದು ಪ್ರಕರಣದಲ್ಲಿ ಮಾತ್ರ ಇದೇ ಸರಿಯೆಂದರು. ಜನ ಬಳಸದ ಮುಕ್ತ ರೂಪದಿಂದ ಯಾರಿಗೆ ಉಪಯೋಗ ಎಂಬುದು ಅದರ ಹಿಂದಿದ್ದ ಲೆಕ್ಕ.

ಆದರೂ ದಾರಿ ಸುಗಮವಾಗಿರಲಿಲ್ಲ. ಆ್ಯಪಲ್ ಕಂಪನಿಯ ಐಪಾಡು ವೋರ್ಬಿಸ್ ಅನ್ನು ಹತ್ತಿರ ಸೇರಿಸಲಿಲ್ಲ. 2007ರಲ್ಲಿ, ಅಂತರಜಾಲದ ಪುಟಗಳಲ್ಲಿ ಚಿತ್ರ ಮತ್ತು ದನಿಗೆ ಆಗ್ ಕುಟುಂಬವನ್ನು ಶಿಫಾರಸು ಮಾಡಬೇಕೆಂಬ ಸೂಚನೆ ಬಂದಾಗ ನೋಕಿಯಾ ಮೊದಲಾದವರು ಆಕ್ಷೇಪಿಸಿದರು. ಕರಡಿನಿಂದ ಆ ಸಾಲು ಮಾಯವಾಯಿತು. ಗುಪ್ತವಾಗಿ ಯಾರದಾದರೂ ಪೇಟೆಂಟು ಇದ್ದರೆ ಗತಿಯೇನು ಎಂಬುದು ವ್ಯಾಪಾರಿಗಳ ಅಂಜಿಕೆ.

ಆದರೆ ಶುಲ್ಕ ಕೊಟ್ಟವರಿಗಾದರೂ ನೆಮ್ಮದಿ ಇತ್ತೇ? ಮೈಕ್ರೋಸಾಫ್ಟ್ ಎಂಪಿ3ಗಾಗಿ ಫ್ರೌನ್‌ಹೋಫರ್‌ಗೆ 1 ಕೋಟಿ 60 ಲಕ್ಷ ಡಾಲರು ಕೊಟ್ಟು ಪರವಾನಗಿ ಪಡೆದಿತ್ತು. ಅದೇ 2007ರ ಫೆಬ್ರವರಿಯಲ್ಲಿ, ಎಂಪಿ3ಗೆ ಸಂಬಂಧಿಸಿದ ಪೇಟೆಂಟುಗಳು ತನ್ನವೆಂದು ದಾವೆ ಹೂಡಿದ್ದ ಲೂಸೆಂಟ್ ಕಂಪನಿಯ ಪರವಾಗಿ ಸ್ಯಾನ್ ಡಿಯೇಗೊ ನಗರದ ಜ್ಯೂರಿ ತೀರ್ಪಿತ್ತು, ಮೈಕ್ರೋಸಾಫ್ಟ್ 152 ಕೋಟಿ ಡಾಲರು ಕೊಡಬೇಕೆಂದಿತು! ಆಗಸ್ಟಿನಲ್ಲಿ ನ್ಯಾಯಾಧೀಶರು ಅದನ್ನು ರದ್ದುಮಾಡಿದರೆಂಬುದು ನಿಜ. ಆದರೂ ಒಂದು ಹಾಡನ್ನು ಮಡಿಚಿಡುವ ಕ್ರಮದ ಮೇಲೆ ಇಷ್ಟು ಜನರ ಹಕ್ಕು, ಇಷ್ಟು ಹಣ ಎಂದಾಗ, ಮಾಂಟಿಯ ಹಟಕ್ಕೆ ಅರ್ಥವಿತ್ತೆಂದು ಅನೇಕರಿಗೆ ತೋರಿತು.

ಮುಂದಿನದನ್ನು ಬೇಗ ಹೇಳುತ್ತೇನೆ. ಏನನ್ನೂ ಬಿಡದೆ, ಒಂದು ಚುಕ್ಕೆಯೂ ಕಳೆಯದಂತೆ ದನಿಯನ್ನು ಅಡಕಮಾಡುವ ಫ್ಲಾಕ್ ಎಂಬ ರೂಪವನ್ನು ಜಾಷ್ ಕೋಲ್ಸನ್ 2001ರಲ್ಲಿ ಪೂರ್ಣಗೊಳಿಸಿದರು. 2003ರಲ್ಲಿ ಅದು ಝಿಫ್ ಮನೆ ಸೇರಿತು. 2012ರಲ್ಲಿ ಝಿಫ್‌ನವರ ಒಂದು ಕ್ರಮವನ್ನೂ ಸ್ಕೈಪ್ ಕಂಪನಿಯ ಇನ್ನೊಂದನ್ನೂ ಬೆಸೆದು ಓಪಸ್ ಎಂಬ ರೂಪ ಅಂತರಜಾಲದ ಅಧಿಕೃತ ಮಾನಕವಾಗಿ ಬಂತು. ಇದು ಮಾತಿಗೂ ಸಂಗೀತಕ್ಕೂ ಒಗ್ಗುತ್ತದೆ. ಊರಿನಲ್ಲಿರುವ ಮಗಳಿಗೆ ನೀವು ವಾಟ್ಸಾಪಿನಲ್ಲಿ ಕಳುಹಿಸುವ ಧ್ವನಿಸಂದೇಶ ಇದೇ ಓಪಸ್, ಆಗ್ ಪೆಟ್ಟಿಗೆಯಲ್ಲಿ. ಹೆಸರು ಕೇಳದೆಯೇ ನೀವು ಮುಕ್ತ ರೂಪದ ಬಳಕೆದಾರರಾಗಿದ್ದೀರಿ. ಇತ್ತ ಎಂಪಿ3ಯ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದು, 2017ರ ಏಪ್ರಿಲ್‌ನಲ್ಲಿ ಅದರ ಪರವಾನಗಿ ವ್ಯವಹಾರವೇ ಮುಕ್ತಾಯವಾಯಿತು. ಇಪ್ಪತ್ತು ವರ್ಷ ತಡವಾಗಿಯಾದರೂ ಅದೂ ಸ್ವತಂತ್ರವಾಯಿತು.

ಹಾಗಿದ್ದರೆ ನಿಮ್ಮ ಮದುವೆಯ ಕ್ಯಾಸೆಟ್ಟಿಗೆ ಏನು ಮಾಡಬೇಕು? ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ, ಅದನ್ನು ತಪ್ಪಿಸಿಕೊಳ್ಳಿ. ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ದನಿ ಆಗಲೇ ಒಮ್ಮೆ ಅಡಕವಾಗಿರುತ್ತದೆ, ಹೆಚ್ಚಾಗಿ ಎಎಸಿ ಎಂಬ ಕ್ರಮದಲ್ಲಿ. ಅದನ್ನು ಬಿಚ್ಚಿ ಮತ್ತೆ ವೋರ್ಬಿಸ್‌ಗೋ ಎಂಪಿ3ಗೋ ಮಡಿಚಿದರೆ, ಒಮ್ಮೆ ಸೋಸಿದ್ದನ್ನು ಇನ್ನೊಂದು ಜರಡಿಯಲ್ಲಿ ಹಾಕಿದಂತಾಗಿ ಇನ್ನಷ್ಟು ಉದುರಿಹೋಗುತ್ತದೆ. ಟೇಪಿನಿಂದ ಟೇಪಿಗೆ ನಕಲಿಳಿಸಿದಾಗ ಸೂಸೂ ಎಂಬ ಸದ್ದು ಹೆಚ್ಚುತ್ತಿದ್ದುದು ನಿಮಗೆ ಗೊತ್ತಲ್ಲ. ಆದ್ದರಿಂದ ಮೊದಲು ದನಿಯನ್ನು ಇದ್ದಂತೆಯೇ ಬೇರ್ಪಡಿಸಿ ಒಂದು ಪ್ರತಿ ಇಡಿ. ಎಫ್‌ಎಫ್‌ಎಂಪೆಗ್‌ಗೆ 'ನಕಲು ಮಾಡು, ಮಾರ್ಪಡಿಸಬೇಡ' ಎಂದು ಹೇಳುವ ಕ್ರಮವಿದೆ. ವಿಡಿಯೋ ವೆಬ್‌ಎಂ ಪೆಟ್ಟಿಗೆಯಲ್ಲಿದ್ದರೆ ನೀವು ಅದೃಷ್ಟವಂತರು: ಅದರೊಳಗಿನ ದನಿ ವೋರ್ಬಿಸ್ ಅಥವಾ ಓಪಸ್ ಆಗಿಯೇ ಇರುತ್ತದೆ, ಚುಕ್ಕೆ ಕಳೆಯದೆ ಆಗ್ ಪೆಟ್ಟಿಗೆಗೆ ದಾಟಿಸಬಹುದು. ಬಹುಕಾಲ ಇಡಬೇಕಾದುದಕ್ಕೆ ಫ್ಲಾಕ್ ಒಳ್ಳೆಯದು. ಅದು ಕಳೆದುಹೋದದ್ದನ್ನು ಮರಳಿ ತರದು, ಇರುವುದನ್ನು ಕಳೆಯಗೊಡದು. ಬಂಧುಗಳಿಗೆ ಹಂಚಲು ಓಪಸ್ ಸಾಕು. ಒಂದು ಗಂಟೆಯ ಮಾತು ಸುಮಾರು 14 ಮೆಗಾಬೈಟಿನಲ್ಲಿ ಚೊಕ್ಕವಾಗಿ ಹಿಡಿಸುತ್ತದೆ. ಕ್ಯಾಸೆಟ್ಟು ಇನ್ನೂ ಕ್ಯಾಸೆಟ್ಟಾಗಿಯೇ ಇದ್ದರೆ, ಇಳಿಸಿಕೊಡುವವರಿಗೆ ದನಿಯನ್ನು ಅಡಕಮಾಡದೆ ಕೊಡಿರೆಂದು ಮೊದಲೇ ಹೇಳಿ. ಇದೆಲ್ಲ ನಿಮ್ಮದೇ ಆದ ಮುದ್ರಣಗಳ ಮಾತು. ಬೇರೆಯವರ ಧ್ವನಿಮುದ್ರಣಕ್ಕೆ ನಮ್ಮ ದೇಶದಲ್ಲಿ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆಂಬುದು ನೆನಪಿರಲಿ.

ಇಷ್ಟೆಲ್ಲ ಹೇಳಲು ನನಗೊಂದು ಸ್ವಂತ ಕಾರಣವಿದೆ. ನಮ್ಮ ಮನೆಯಲ್ಲೂ ಅಂಥ ಕ್ಯಾಸೆಟ್ಟೊಂದಿತ್ತು. ಹಲವು ವರ್ಷಗಳ ಹಿಂದೆ ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಸಿದೆವು. ಅವರು ಕೊಟ್ಟ ಫೈಲು ಒಂದೇ ಒಂದು ತಂತ್ರಾಂಶದಲ್ಲಿ ತೆರೆಯುತ್ತಿತ್ತು. ಆಗ ಅದು ನಮಗೆ ದೊಡ್ಡ ಸಂಗತಿಯೆನ್ನಿಸಲಿಲ್ಲ. ಮುಂದೆ ಕಂಪ್ಯೂಟರು ಬದಲಾಯಿತು, ಆ ತಂತ್ರಾಂಶ ಹೊಸದರಲ್ಲಿ ನಡೆಯಲಿಲ್ಲ, ಅಂಗಡಿಯೂ ಮುಚ್ಚಿತ್ತು. ಕ್ಯಾಸೆಟ್ಟನ್ನು ಹುಡುಕಿ ತೆಗೆದರೆ ಬೂಷ್ಟು ಹಿಡಿದಿತ್ತು. ಫೈಲು ಕೈಯಲ್ಲಿದೆ, ಒಳಗೆ ನಮ್ಮ ತಾಯಿಯ ದನಿಯಿದೆ, ಕೇಳುವಂತಿಲ್ಲ. ಎರಡು ವರ್ಷ ಹಾಗೇ ಕಳೆಯಿತು.

ಕೊನೆಗೆ ಪಕ್ಕದ ಮನೆಯ ಹುಡುಗ, ಇಂಜಿನಿಯರಿಂಗ್ ಓದುವವನು, ಒಂದು ಸಂಜೆ ಬಂದು ಎಫ್‌ಎಫ್‌ಎಂಪೆಗ್ ಹಾಕಿ ನೋಡಿದ. ಹಳೆಯ, ಕೈಬಿಟ್ಟುಹೋದ ಎಷ್ಟೋ ರೂಪಗಳನ್ನು ಓದುವುದನ್ನು ಅದಕ್ಕೆ ಯಾರ್ಯಾರೋ ಸಂಬಳವಿಲ್ಲದೆ ಕಲಿಸಿದ್ದಾರೆ. ಚಿತ್ರ ಅರ್ಧಕ್ಕೇ ಚೂರುಚೂರಾಗಿ ನಿಂತಿತು. ದನಿ ಮಾತ್ರ ಪೂರ್ತಿ ಬಂತು, ಹನ್ನೊಂದು ನಿಮಿಷ. "ಅಂಕಲ್, ಫ್ಲಾಕ್ ಮಾಡಿಟ್ಟಿದೀನಿ, ಎರಡು ಕಡೆ ಕಾಪಿ ಇಟ್ಕೊಳಿ" ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಹೋದ.

ಆ ರಾತ್ರಿ ಮನೆಯವರೆಲ್ಲ ಕುಳಿತು ಕೇಳಿದೆವು. ಆರನೆಯ ನಿಮಿಷದ ಹೊತ್ತಿಗೆ ಅಮ್ಮ ಹಸೆಯ ಹಾಡಿನ ಮೂರನೆಯ ನುಡಿ ಎತ್ತಿದ್ದಾರೆ. ಅಷ್ಟರಲ್ಲಿ ಒಳಗಿನಿಂದ ಯಾರೋ, "ಅಕ್ಕಾ, ಹಾಲು ಉಕ್ತಾ ಇದೆ" ಎಂದು ಕೂಗುತ್ತಾರೆ. ಅಮ್ಮ ಹಾಡನ್ನು ಅಲ್ಲಿಗೇ ನಿಲ್ಲಿಸಿ, "ಒಲೆ ಸಣ್ಣಗೆ ಮಾಡೇ" ಎಂದು ಹೇಳಿ, ಬಿಟ್ಟ ಸ್ವರದಲ್ಲಿಯೇ ಮತ್ತೆ ಹಿಡಿಯುತ್ತಾರೆ. ಚಿತ್ರವಿದ್ದ ಕಾಲದಲ್ಲಿ ಎಷ್ಟೋ ಸಲ ಅದನ್ನು ನೋಡಿದ್ದೆವು. ಈ ಮಾತು ನಮ್ಮಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.